ಬಲಗಡೆ ಹೊಲಿದ ಪುಸ್ತಕ

ಅಹ್ಮದ್ ಪಾಷಾ ಅವರದು ಕಲ್ಲಿನ ಮನಸ್ಸು. ಮಾಡಿದ ತಪ್ಪನ್ನು ಒಪ್ಪಿಕೊಳ್ಳುವುದಿಲ್ಲ, ಮಕ್ಕಳನ್ನು ಹತ್ತಿರ ಸೇರಿಸುವುದಿಲ್ಲ, ಐವತ್ತೆಂಟು ವರ್ಷ ಪುಸ್ತಕಗಳ ನಡುವೆ ಕೂತು ಒಂದನ್ನೂ ಓದಿಲ್ಲ. ಹದಿನಾಲ್ಕು ವರ್ಷ ಅವರ ಅಂಗಡಿಗೆ ಹೋಗಿಬಂದ ಮೇಲೆ ಬರೆಯುತ್ತಿರುವ ಮಾತು ಇದು. ಒಂದು ದಿನದ ಸಿಟ್ಟಿನದಲ್ಲ.

ಅವರ ಬೈಂಡಿಂಗ್ ಅಂಗಡಿ ಇರುವುದು ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ. ಒಂದು ಕಬ್ಬಿಣದ ಪ್ರೆಸ್ಸು, ರಟ್ಟಿನ ಅಟ್ಟಿ, ರೆಕ್ಸಿನ್ ಸುರುಳಿಗಳು, ಮೈದಾ ಅಂಟಿನ ಡಬ್ಬ. ಹುಳ ಹಿಡಿಯದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸುತ್ತಾರೆ. ಅದರಿಂದ ಅವರ ಬೆರಳಸಂದಿಗಳು ಸದಾ ತಿಳಿನೀಲಿ, ಮೈಗೆಲ್ಲ ಅದೇ ಕಮಟು ವಾಸನೆ. ಹತ್ತನೆಯ ವಯಸ್ಸಿನಲ್ಲಿ ತಂದೆಯ ಪಕ್ಕ ಕೂತು ಸೂಜಿ ಹಿಡಿದವರು. ಕುರಾನ್, ವಕೀಲರ ಕಡತ, ಕಾಲೇಜಿನ ಪ್ರಬಂಧ, ಯಾವುದು ಬಂದರೂ ಅವರಿಗೆ ಒಂದೇ. ಮಂಡಿ ನೋವಿರುವುದರಿಂದ ಬೆಳಿಗ್ಗೆ ಹೊಸ್ತಿಲ ಮೇಲೆ ಬೀದಿಗೆ ಮುಖ ಮಾಡಿ ಕೂತು ಬೂಟು ಕಳಚುತ್ತಾರೆ. ಆಮೇಲೆ ಏಳುವುದಿಲ್ಲ. ಕೂತಂತೆಯೇ ಹಿಂದಕ್ಕೆ ಜರುಗುತ್ತ ಒಳಗೆ ಹೋಗುತ್ತಾರೆ.

ಜೇಬಿನಲ್ಲಿ ಒಂದು ಮೋಟು ಪೆನ್ಸಿಲ್, ಒಂದು ರಬ್ಬರ್ ಇರುತ್ತವೆ. ಹಾಳೆ ಬಿಡಿಸುವ ಮೊದಲು ಪ್ರತಿ ಪುಟದ ಕೆಳಗೆ ನಡುವೆ ಸಣ್ಣದಾಗಿ ಸಂಖ್ಯೆ ಬರೆಯುತ್ತಾರೆ, ಹಾಳೆಗಳು ಕಲೆಸಿಹೋಗದಿರಲೆಂದು. ಆ ಸಂಖ್ಯೆಗಳನ್ನು ಅಳಿಸಿಕೊಡಿ ಎಂದು ನಾನು ಮೊದಲ ವರ್ಷವೇ ಕೇಳಿದ್ದೆ. "ಅದು ನನ್ ಸಹಿ ಮೇಡಂ. ಸಹಿ ಯಾರಾದ್ರೂ ಅಳಿಸ್ತಾರಾ?" ಎಂದರು. ರಬ್ಬರ್ ಇರುವುದು ಗಿರಾಕಿಗಳು ಗೀಚಿದ್ದನ್ನು ಅಳಿಸುವುದಕ್ಕಂತೆ.

ಒಮ್ಮೆ ಒಂದು ನಿಘಂಟು ನಡುವಿನಿಂದ ತಲೆಕೆಳಗಾಗಿ ಬಂತು. ಹಿಂದಕ್ಕೆ ಒಯ್ದು ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ನೋಡಿದರು.

"ನನ್ ಕೈಯಲ್ಲಿ ತಪ್ಪಾಗಲ್ಲ. ನೀವು ಉಲ್ಟಾ ಹಿಡ್ಕೊಂಡಿದೀರಿ."

"ಅರ್ಧ ಪುಸ್ತಕ ಮಾತ್ರ ಉಲ್ಟಾ ಹಿಡಿಯೋದು ಹೇಗೆ ಪಾಷಾ ಸಾಬ್ರೇ?"

"ಓದಿದೋರು ನೀವು. ನಿಮಗೇ ಗೊತ್ತಿರ್ಬೇಕು."

ಗಲ್ಲಿಯ ಮಕ್ಕಳು ಅಂಗಡಿಯ ಮುಂದೆ ನಿಂತರೆ ಅಡಿಕೋಲು ಎತ್ತುತ್ತಿದ್ದರು. ಅಂಟು ಮುಟ್ಟಿದರೆ ಕೈ ಅಂಟಿಕೊಳ್ಳುತ್ತದೆ, ಆಮೇಲೆ ಕತ್ತರಿಸಬೇಕಾಗುತ್ತದೆ ಎಂದು ಕತ್ತರಿಸುವ ಯಂತ್ರ ತೋರಿಸುತ್ತಿದ್ದರು. ನಗುತ್ತಿರಲಿಲ್ಲ. ಮಕ್ಕಳು ನಂಬುತ್ತಿದ್ದವು.

ಇನ್ನು ನನ್ನ ಕೆಲಸ. ನಿವೃತ್ತಿಯಾದ ಮೇಲೆ ಮರ್ಫಿ ಟೌನಿನಲ್ಲಿ ಒಂದು ಕೋಣೆಯಲ್ಲಿ ವಾರಕ್ಕೆ ನಾಲ್ಕು ಸಂಜೆ ಮಕ್ಕಳಿಗೆ ಪುಸ್ತಕ ಕೊಡುತ್ತೇನೆ. ಒಂದು ಕಪಾಟು ಪೂರ್ತಿ ಮನೆಮಂದಿಯ ಕಥೆಗಳದು: ಚಿಕ್ಕವರ ಚಿತ್ರಪುಸ್ತಕ, ಹದಿಹರೆಯದವರ ಕಾದಂಬರಿ, ಚಿತ್ರಕಾದಂಬರಿ. ಈ ಬಗೆಯ ಪುಸ್ತಕಗಳಲ್ಲಿ ತಾಯಿ ಬೇಗ ಸಾಯುತ್ತಾಳೆ. ಲೇಖಕರಿಗೆ ಅದು ಅನುಕೂಲ. ತಾಯಿ ಬದುಕಿದ್ದರೆ ಮಗುವನ್ನು ಹೊತ್ತು ಮುಳುಗಿದ ಮೇಲೆ ಹೊರಗೆ ಬಿಡುವುದಿಲ್ಲ, ಕಥೆ ನಡೆಯುವುದಿಲ್ಲ. ಕೊನೆಗೆ ಯಾರೋ ಒಬ್ಬ ಅಜ್ಜಿ ಅಥವಾ ಒಂದು ನಾಯಿ ಬಂದು ಎಲ್ಲವನ್ನೂ ಸರಿಮಾಡುತ್ತದೆ. ನನಗೆ ಅಂಥ ಕೊನೆಗಳ ಮೇಲೆ ನಂಬಿಕೆಯಿಲ್ಲ. ಆದ್ದರಿಂದ ಒಂದು ಪುಸ್ತಕವನ್ನು ಹುಡುಕಿ ತರಿಸಿದ್ದೆ. ಅದರಲ್ಲಿ ಮಾತೇ ಇಲ್ಲ, ಇಪ್ಪತ್ತನಾಲ್ಕು ಪುಟ ಬರೀ ಚಿತ್ರ. ಮೊದಲ ಪುಟದಲ್ಲಿ ಮನೆಯವರೆಲ್ಲ ಊಟಕ್ಕೆ ಕೂತಿದ್ದಾರೆ. ಮೊದಲು ತಾಯಿ ಬಾಗಿಲು ದಾಟಿ ಹೋಗುತ್ತಾಳೆ. ಆಮೇಲೆ ತಂದೆ, ಅಣ್ಣ, ಅಜ್ಜಿ. ಕೊನೆಗೆ ಬೆಕ್ಕು. ಹೋಗುವವರ ಬೆನ್ನು ಮಾತ್ರ ಕಾಣುತ್ತದೆ. ಕಡೆಯ ಪುಟದಲ್ಲಿ ಒಬ್ಬಳೇ ಹುಡುಗಿ, ಖಾಲಿ ಮನೆ. ಅಷ್ಟೇ. ಸುಳ್ಳು ಸಮಾಧಾನ ಹೇಳದ ಪುಸ್ತಕ ಎಂದು ನನಗೆ ಅದು ಹಿಡಿಸಿತ್ತು.

ಈ ಮಾರ್ಚಿನಲ್ಲಿ ಹೊದಿಕೆ ಕಿತ್ತುಹೋದ ಹನ್ನೆರಡು ಪುಸ್ತಕಗಳನ್ನು ಪಾಷಾ ಅವರಿಗೆ ಕೊಟ್ಟೆ. ಅದರಲ್ಲಿ ಇದೂ ಇತ್ತು. ಎಲ್ಲಕ್ಕೂ ನೀಲಿ ರೆಕ್ಸಿನ್ ಹೊದಿಸಿ ಕೊಟ್ಟರು. ಮೇಲಿನ ಎರಡನ್ನು ತೆರೆದು ನೋಡಿ ಉಳಿದವನ್ನು ಹಾಗೆಯೇ ಕಪಾಟಿಗೆ ಸೇರಿಸಿದೆ. ಅದು ನನ್ನ ತಪ್ಪು.

ಏಪ್ರಿಲ್ ಮೊದಲ ವಾರ ಕೋಣೆಗೆ ಬರುವ ಮಕ್ಕಳು ಹೊಸ ಆಟ ಕಲಿತಿದ್ದವು. ಬಾಗಿಲ ಹೊರಗೆ ತಿರುಗಿ ನಿಂತು ಹಿಂದಹಿಂದಕ್ಕೆ ಹೆಜ್ಜೆ ಇಡುತ್ತ ಒಳಗೆ ಬರುವುದು. ಒಳಗಿರುವವರು ಗೋಡೆಗೆ ಮುಖ ಮಾಡಿ ಕೂರಬೇಕು. ಯಾರೂ ಮಾತಾಡುವಂತಿಲ್ಲ. ಒಂದು ಸಂಜೆ ನಾನು ರಿಜಿಸ್ಟರಿನಿಂದ ತಲೆಯೆತ್ತಿದಾಗ ಏಳೆಂಟು ಬೆನ್ನುಗಳು ಸದ್ದಿಲ್ಲದೆ ನನ್ನ ಮೇಜಿನ ಕಡೆಗೆ ಸರಿದುಬರುತ್ತಿದ್ದವು. ಗದರಿಸಿ ಕೂರಿಸಿದೆ. ಆಟ ಎಲ್ಲಿಂದ ಬಂತೆಂದು ಕೇಳಲಿಲ್ಲ.

ಆ ತಿಂಗಳ ಮೂರನೆಯ ಶುಕ್ರವಾರ ಇಮಾಮ್ ಬೀ ಕೋಲೂರಿಕೊಂಡು ಬಂದರು. ಪಕ್ಕದ ಬೀದಿಯವರು, ಮೊಮ್ಮಗಳು ಅರೀಬಾ, ಒಂಬತ್ತು ವರ್ಷದ ಹುಡುಗಿ, ನಮ್ಮಲ್ಲಿಂದ ಪುಸ್ತಕ ಒಯ್ಯುತ್ತಾಳೆ.

"ಮಿಸ್ಸಮ್ಮಾ, ಆ ನೀಲಿ ಪುಸ್ತಕ ವಾಪಸ್ ಇಸ್ಕೊಳ್ಳಿ. ನಮ್ಮನೇಲಿ ಬೇಡ."

"ಏನಾಯ್ತು?"

"ಮಗು ಬಾಗ್ಲು ಹಾಕೋಕ್ಕೆ ಬಿಡ್ತಿಲ್ಲ. ಸಂಜೆ ಆದ್ರೆ ಬಾಗ್ಲಿಗೆ ಬೆನ್ನು ಕೊಟ್ಟು ಗೋಡೆ ನೋಡ್ಕೊಂಡು ಕೂರ್ತಾಳೆ. ಬರೋರ ಮುಖ ನೋಡ್ಬಾರ್ದಂತೆ. ನೋಡಿದ್ರೆ ಹಂಗೇ ವಾಪಸ್ ಹೋಗ್ಬಿಡ್ತಾರಂತೆ."

"ಯಾರು ಬರೋದು?"

ಇಮಾಮ್ ಬೀ ನನ್ನ ಕಡೆ ನೋಡದೆ ಕಪಾಟಿನ ಕಡೆ ನೋಡಿದರು. "ನನ್ ಸೊಸೆ" ಎಂದರು.

ಸೊಸೆ ನಾಜಿಶ್ ಹೋದ ಆಗಸ್ಟಿನಲ್ಲಿ ಮೂರು ದಿನದ ಜ್ವರಕ್ಕೆ ತೀರಿಕೊಂಡಿದ್ದಳು. ಆಗ ಅರೀಬಾಳನ್ನು ಕೆ.ಆರ್. ಪುರದ ನೆಂಟರ ಮನೆಗೆ ಕಳಿಸಿದ್ದರು. ಅಲ್ಲಿಂದ ಕರೆಸುವ ಮೊದಲೇ ಮಣ್ಣು ಮಾಡಿ ಮುಗಿಸಿದ್ದರು. ಮಗುವಿಗೆ ಮುಖ ತೋರಿಸಿರಲಿಲ್ಲ. ಅಮ್ಮಿ ದೂರ ಹೋಗಿದಾಳೆ ಎಂದು ಹೇಳಿದ್ದರು, ಎಂಟು ತಿಂಗಳಾದರೂ ಆ ಮಾತನ್ನು ಯಾರೂ ತಿದ್ದಿರಲಿಲ್ಲ. ಇದರ ಬಗ್ಗೆ ನನ್ನ ಅಭಿಪ್ರಾಯವನ್ನು ಇಮಾಮ್ ಬೀಗೆ ಆಗಲೇ ಹೇಳಿದೆ. ಅವರ ಜೊತೆ ಮನೆಗೆ ಹೋದೆ.

ಬೀದಿಯಿಂದ ಮೂರು ಕಡಿದಾದ ಮೆಟ್ಟಿಲು, ಒಂದು ಕೋಣೆ, ಹಿಂದೆ ಅಡುಗೆಮನೆ. ಬಾಗಿಲ ಪಕ್ಕದಲ್ಲಿ ಒಂದು ಜೊತೆ ಹೆಂಗಸಿನ ಚಪ್ಪಲಿ ಒರೆಸಿ ಇಟ್ಟಿತ್ತು. ಚಪ್ಪಲಿಯ ತುದಿ ಬೀದಿಯ ಕಡೆಗಿತ್ತು, ಹಿಂದಕ್ಕೆ ನಡೆದು ಬಂದವರು ಕಳಚಿಟ್ಟ ಹಾಗೆ. ಅರೀಬಾ ಗೋಡೆಗೆ ಮುಖ ಮಾಡಿ ಕೂತಿದ್ದಳು.

"ಇವತ್ತಿಂದು ಆಗೋಯ್ತು ಮಿಸ್. ಇಪ್ಪತ್ತನೇ ಪುಟ." ತಿರುಗಲಿಲ್ಲ. ದಿನಕ್ಕೊಂದು ಪುಟ ನೋಡುತ್ತಿದ್ದಳಂತೆ.

ಪುಸ್ತಕ ತೆಗೆದುಕೊಂಡೆ. ಎಡಗಡೆ ಇರಬೇಕಾದ ಹೊಲಿಗೆ ಬಲಗಡೆಗಿತ್ತು, ಬಲದಿಂದ ಎಡಕ್ಕೆ ಓದುವ ಉರ್ದು ಪುಸ್ತಕದ ಹಾಗೆ. ನಮ್ಮ ಅಭ್ಯಾಸದಂತೆ ತೆರೆದರೆ ಮೊದಲು ಸಿಗುವುದು ಒಂಟಿ ಹುಡುಗಿಯ ಪುಟ. ಆಮೇಲೆ ಬೆಕ್ಕು ಬಾಲ ಮುಂದಾಗಿ ಬಾಗಿಲಲ್ಲಿ ಕಾಣುತ್ತದೆ. ಆಮೇಲೆ ಅಜ್ಜಿಯ ಬೆನ್ನು. ಅಣ್ಣನ ಬೆನ್ನು, ತಂದೆಯ ಬೆನ್ನು. ಒಬ್ಬೊಬ್ಬರಾಗಿ ಹಿಂದಹಿಂದಕ್ಕೆ ನಡೆಯುತ್ತ ಮನೆ ಸೇರುತ್ತಾರೆ. ಇಪ್ಪತ್ತಮೂರನೆಯ ಪುಟದಲ್ಲಿ ತಾಯಿ. ಕಡೆಯ ಪುಟ ತಿರುಗಿಸಿದರೆ ಐದೂ ಮುಖ ಒಟ್ಟಿಗೆ ಊಟದ ಮುಂದೆ ಕೂತು ನೇರ ನಮ್ಮನ್ನೇ ನೋಡುತ್ತವೆ, ಬೆಕ್ಕೂ. ಹತ್ತಾರು ಸಲ ನೋಡಿದ ಚಿತ್ರ. ಮೊದಲ ಪುಟವಾಗಿದ್ದಾಗ ಅದು ಸುಖದ ಚಿತ್ರವಾಗಿತ್ತು. ಬೇಗ ಮುಚ್ಚಿದೆ.

"ಅರೀಬಾ, ಇದು ಎಲ್ಲರೂ ಹೋಗೋ ಕಥೆ. ಬರೋ ಕಥೆ ಅಲ್ಲ. ಬೈಂಡಿಂಗ್ ಮಾಡಿದೋರು ತಪ್ಪಾಗಿ ಹೊಲಿದಿದಾರೆ."

"ಮತ್ತೆ ಬೆಕ್ಕು ಯಾಕೆ ಬಂತು?"

ಇಮಾಮ್ ಬೀ ಹೇಳಿದರು. ನಾಜಿಶ್ ಹೋದ ಮೇಲೆ ಮನೆ ನಿಜವಾಗಿಯೂ ಖಾಲಿಯಾಗಿತ್ತು. ಮಗ ಆಸಿಮ್, ಅರೀಬಾಳ ತಂದೆ, ದೂರದೂರಿನ ಲಾರಿ ಓಡಿಸಲು ಹೋದ. ಅವಳ ಅಣ್ಣ ಸೈಫ್ ಹಾಸ್ಟೆಲಿಗೆ ಹೋದ. ಸೊಂಟ ಮುರಿದುಕೊಂಡ ಇಮಾಮ್ ಬೀ ಕೆ.ಆರ್. ಪುರದ ಇನ್ನೊಬ್ಬ ಮಗನ ಮನೆ ಸೇರಿದರು. ಬೆಕ್ಕು ಎಲ್ಲಿಗೋ ಹೋಯಿತು. ಅರೀಬಾ ಮೇಲ್ಮನೆಯ ಯಶೋದಮ್ಮನ ಹತ್ತಿರ ಮಲಗುತ್ತಿದ್ದಳು. ಅವಳು ಈ ಪುಸ್ತಕ ತಂದ ಐದನೆಯ ದಿನ ಬೆಕ್ಕು ಮರಳಿ ಬಂತು, ಬಾಲ ಮುಂದಾಗಿ. ಬೀದಿಯ ನಾಯಿಗೆ ಹಲ್ಲು ತೋರಿಸುತ್ತ ಹಿಂದೆ ಸರಿದು ಒಳಗೆ ಬಂದದ್ದು.

"ಆಮೇಲೆ ಸೊಂಟ ವಾಸಿಯಾಗಿ ನಾನು ಬಂದೆ. ಪೆಟ್ಟಿಗೆ ಮೆಟ್ಟಿಲು ಹತ್ತಿಸ್ಬೇಕಲ್ಲ ಮಿಸ್ಸಮ್ಮಾ, ಎಳ್ಕೊಂಡು ಹಿಂದಹಿಂದಕ್ಕೆ ಬಂದೆ. ನಂಗೇನ್ ಗೊತ್ತಿತ್ತು? ಸೈಫ್‌ಗೆ ರಜಾ ಬಂತು, ಅವ್ನು ಹಾಸಿಗೆ ಸುರುಳಿ ಎಳ್ಕೊಂಡು ಹಂಗೇ ಬಂದ. ನಿನ್ನೆ ಆಸಿಮ್ ಬಂದ. ಇಲ್ಲೇ ಬಾಗ್ಲಲ್ಲಿ ಲಾರಿ ನಿಲ್ಸಿ ಇಳಿದ. ಡ್ರೈವರ್‌ಗಳು ಇಳಿಯೋದು ಗೊತ್ತಲ್ಲ, ಲಾರಿಗೆ ಮುಖ, ನಮಗೆ ಬೆನ್ನು." ಅವರು ದನಿ ತಗ್ಗಿಸಿದರು. "ಪುಸ್ತಕದಲ್ಲಿರೋ ಸಾಲಲ್ಲೇ ಬಂದ್ವಿ. ಈಗ ಒಬ್ಬಳೇ ಬಾಕಿ."

"ಸೋಮವಾರ ಬರ್ತಾಳೆ" ಎಂದಳು ಅರೀಬಾ ಗೋಡೆಗೆ.

"ಬರದಿದ್ರೆ?"

"ನಾನು ನೋಡ್ಬಿಟ್ರೆ ಬರಲ್ಲ. ನಾನು ನೋಡಲ್ಲ."

ವಿಷಯ ಇಲ್ಲಿಗೆ ಬಂದು ನಿಂತಿತ್ತು. ಸೋಮವಾರ ತಾಯಿ ಬರದಿದ್ದರೆ ತಪ್ಪು ತನ್ನ ಕಣ್ಣಿನದು ಎಂದು ಈ ಮಗು ಈಗಾಗಲೇ ತೀರ್ಮಾನಿಸಿಯಾಗಿತ್ತು. ಅದನ್ನು ಜೀವನಪೂರ್ತಿ ಹೊರುವವರನ್ನು ನಾನು ಕಂಡಿದ್ದೇನೆ. ಬೈಂಡಿಂಗ್ ತಪ್ಪು ಎಂದು ಮತ್ತೆ ವಿವರಿಸಿದೆ. ಅವಳು ಕೇಳಿಸಿಕೊಂಡಳು.

"ನೀವು ಕಟ್ಟಿದ್ರಾ ಮಿಸ್?"

"ಇಲ್ಲ."

"ಕಟ್ಟಿದೋರಿಗೆ ಗೊತ್ತಿರತ್ತೆ. ಅವರು ಹೇಳ್ಲಿ."

ಪುಸ್ತಕ ಕೊಡಲು ತಕರಾರು ಮಾಡಲಿಲ್ಲ. ಉಳಿದ ಪುಟಗಳು ಅವಳಿಗೆ ಬಾಯಿಪಾಠವಾಗಿದ್ದವು.

ಮನೆಗೆ ತಂದು ದೀಪದ ಕೆಳಗೆ ಹಿಡಿದಾಗ ಪಾಷಾ ಅವರ ಪೆನ್ಸಿಲ್ ಸಂಖ್ಯೆಗಳು ಕಂಡವು. ಉರ್ದು ಪುಸ್ತಕದ ರೂಢಿಯಲ್ಲಿ ಕೈ ತಪ್ಪಿದ್ದರೆ ಒಂದು ಎಂಬ ಅಂಕಿ ಊಟದ ಚಿತ್ರದ ಕೆಳಗಿರಬೇಕಿತ್ತು. ಅದು ಒಂಟಿ ಹುಡುಗಿಯ ಕೆಳಗಿತ್ತು. ಇಪ್ಪತ್ತನಾಲ್ಕು ಊಟದ ಕೆಳಗಿತ್ತು. ಮನೆ ತುಂಬಿಕೊಳ್ಳುವ ಕ್ರಮದಲ್ಲೇ, ಎಣಿಸಿ, ಬರೆದು, ಆಮೇಲೆ ಹೊಲಿದಿದ್ದರು. ಮಾರನೆಯ ಬೆಳಿಗ್ಗೆ ಕಪಾಟಿನಲ್ಲಿದ್ದ ಉಳಿದ ಹನ್ನೊಂದನ್ನೂ ತೆಗೆದು ನೋಡಿದೆ. ಎಲ್ಲವೂ ಸರಿಯಾಗಿದ್ದವು.

ಶಿವಾಜಿನಗರಕ್ಕೆ ಹೋದೆ. ಪಾಷಾ ಇನ್ನೂ ಬಂದಿರಲಿಲ್ಲ. ಎದುರಿನ ಕಾಗದದ ಅಂಗಡಿಯ ಹಂಪಣ್ಣ ಸ್ಟೂಲು ಹಾಕಿದ. ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ ತಾನೇ ಮಾತು ತೆಗೆದ.

"ಇದಾ ಅಮ್ಮಾ. ಇದನ್ನ ಕಟ್ಟೋಕ್ಕೆ ಮೂರು ದಿನ ತಗೊಂಡ್ರು ಸಾಬ್ರು. ಅರ್ಧ ಗಂಟೆ ಕೆಲ್ಸ. ಹಾಳೆ ಎಲ್ಲ ನೆಲದ ಮೇಲೆ ಹರಡ್ಕೊಂಡು ನೋಡ್ತಾ ಕೂತಿದ್ರು. ಟೀ ತಣ್ಣಗಾಗ್ತಿತ್ತು. ನಾನು ಕೇಳ್ದೆ, ಏನ್ ಸಾಬ್ರೇ, ಓದೋಕ್ ಶುರು ಮಾಡಿದ್ರಾ ಅಂತ. ಬೈದ್ರು."

"ಯಾಕಿರಬಹುದು?"

ಹಂಪಣ್ಣ ಗಲ್ಲಿಯ ಎರಡೂ ಕಡೆ ನೋಡಿದ. "ಮಗಳು ಸುಮೈರಾ ಅಂತ ಇದ್ಲು. ಇಷ್ಟಪಟ್ಟೋನ್ನ ಮದ್ವೆ ಆಗಿ ಮಾರತ್ತಹಳ್ಳಿ ಕಡೆ ಹೋದ್ಲು. ಹನ್ನೊಂದು ವರ್ಷ ಆಯ್ತು. ಹೋಗೋ ದಿನ ಇದೇ ಅಂಗಡಿ ಬಾಗ್ಲಿಗೆ ಬಂದು ನಿಂತ್ಲು. ಅಬ್ಬಾ ಅಂದ್ಲು. ಇವರು ಬೆನ್ನು ಹಾಕ್ಕೊಂಡು ರಟ್ಟು ಕತ್ತರಿಸ್ತಾನೇ ಇದ್ರು. ಅವಳು ಹೋಗೋವರ್ಗೂ ತಿರುಗ್ಲಿಲ್ಲ. ನಾನು ಇಲ್ಲೇ ಇದ್ದೆ."

ಕಾರಣ ತಿಳಿಯಿತು. ಕಾರಣ ತಿಳಿದ ಮಾತ್ರಕ್ಕೆ ನನ್ನ ಅಭಿಪ್ರಾಯ ಬದಲಾಗಲಿಲ್ಲ. ತನ್ನ ಕೊರಗಿಗೆ ಮಕ್ಕಳ ಪುಸ್ತಕವನ್ನು ತಿರುಚುವುದು ಇನ್ನೂ ಕೆಟ್ಟದ್ದು.

ಪಾಷಾ ಬಂದರು. ಹೊಸ್ತಿಲ ಮೇಲೆ ಕೂತು ಬೂಟು ಕಳಚಿ ಹಿಂದಕ್ಕೆ ಜರುಗಿ ತಮ್ಮ ಜಾಗ ಸೇರಿದರು. ಪುಸ್ತಕವನ್ನು ಮುಂದಿಟ್ಟೆ.

"ಪಾಷಾ ಸಾಬ್ರೇ, ಇದನ್ನ ಬಲಗಡೆ ಹೊಲಿದಿದೀರಿ."

"ನನ್ ಕೈಯಲ್ಲಿ ತಪ್ಪಾಗಲ್ಲ."

"ಗೊತ್ತು. ಅಂಕಿ ನೋಡಿದೆ."

ಅವರು ಸೂಜಿಗೆ ದಾರ ಪೋಣಿಸುತ್ತಿದ್ದ ಕೈ ನಿಂತಿತು. ಅರೀಬಾಳ ವಿಷಯ ಹೇಳಿದೆ, ಬೆಕ್ಕಿನಿಂದ ಹಿಡಿದು ಚಪ್ಪಲಿಯವರೆಗೆ.

"ಎಷ್ಟು ವಯಸ್ಸು?"

"ಒಂಬತ್ತು."

"ತಾಯಿ ಮುಖ ತೋರ್ಸಿಲ್ವಾ?"

"ಇಲ್ಲ. ಸೋಮವಾರ ಸಂಜೆ ಬಂದು, ತಪ್ಪು ನಿಮ್ಮದು ಅಂತ ಆ ಮಗೂಗೆ ಹೇಳಿ. ನನ್ನ ಮಾತು ನಂಬ್ತಿಲ್ಲ."

"ಮಾಡ್ದಿರೋ ತಪ್ಪನ್ನ ಯಾಕ್ ಒಪ್ಕೊಳ್ಲಿ?" ಸೂಜಿಯನ್ನು ಮತ್ತೆ ಬೆಳಕಿಗೆ ಹಿಡಿದರು. "ಬೇಕಂತ್ಲೇ ಕಟ್ದೆ. ಪುಸ್ತಕ ಬಿಟ್ ಹೋಗಿ, ಎಡಗಡೆ ಹೊಲಿತೀನಿ. ಕಂಡೋರ ಮಕ್ಕಳ ಮನೆಗೆಲ್ಲ ನಾನು ಬರಲ್ಲ."

ಮನೆಯ ಗುರುತು ಬರೆದ ಚೀಟಿಯನ್ನು ಅವರ ಅಂಟಿನ ಡಬ್ಬದ ಕೆಳಗೆ ಸಿಕ್ಕಿಸಿ ಎದ್ದುಬಂದೆ. ಬರುತ್ತಾರೆಂಬ ನಂಬಿಕೆ ಇರಲಿಲ್ಲ.

ಸೋಮವಾರ ಸಂಜೆ ಅರೀಬಾಳ ಮನೆಯಲ್ಲಿ ದೀಪ ಹಾಕಿರಲಿಲ್ಲ. ಅವಳು ಹಾಕಲು ಬಿಟ್ಟಿರಲಿಲ್ಲ. ಅವಳು ಗೋಡೆಗೆ ಮುಖ ಮಾಡಿದ್ದಳು. ಆಸಿಮ್ ತಲೆ ತಗ್ಗಿಸಿ ಮೂಲೆಯಲ್ಲಿ, ಸೈಫ್ ಅವನ ಪಕ್ಕ. ಬೆಕ್ಕು ಅಡುಗೆಮನೆಯ ಬಾಗಿಲಲ್ಲಿ. ಇಮಾಮ್ ಬೀ ನನ್ನ ಪಕ್ಕ ಮಂಚದ ಮೇಲೆ. ಬಾಗಿಲಿಗೆ ಎದುರಾಗಿ ಇದ್ದವರು ನಾವಿಬ್ಬರೇ. ತಟ್ಟೆಗಳನ್ನು ಅರೀಬಾ ಆಗಲೇ ಇಟ್ಟಿದ್ದಳು, ತಾಯಿಯದೂ ಸೇರಿಸಿ. ಮುಸ್ಸಂಜೆಯ ಮಗ್ರಿಬ್ ಅಜಾನ್ ಮುಗಿಯಿತು. ಬೀದಿಯ ಮಕ್ಕಳ ಸದ್ದು ಇದ್ದಕ್ಕಿದ್ದಂತೆ ನಿಂತಿತು.

ಹೊಸ್ತಿಲ ಮೇಲೆ ಒಂದು ಬೆನ್ನು ಕಾಣಿಸಿತು.

ಮೆಟ್ಟಿಲು ಹತ್ತಿದ ಸದ್ದು ನನಗೆ ಕೇಳಿರಲಿಲ್ಲ. ಬಿಳಿ ಬಟ್ಟೆ, ಬಾಗಿದ ಭುಜ, ತಲೆ ಮುಚ್ಚಿತ್ತು. ನೆಲಕ್ಕೆ ತೀರ ಹತ್ತಿರವಾಗಿ, ಆ ಚಪ್ಪಲಿಗಳ ಪಕ್ಕದಲ್ಲೇ. ಅದು ಸ್ವಲ್ಪ ಹೊತ್ತು ಅಲುಗಲಿಲ್ಲ. ಆಮೇಲೆ ಹಿಂದಕ್ಕೆ, ನಮ್ಮ ಕಡೆಗೆ, ಗೇಣುಗೇಣಾಗಿ ಜರುಗತೊಡಗಿತು. ಇಮಾಮ್ ಬೀಯ ಉಗುರು ನನ್ನ ಮಣಿಕಟ್ಟಿಗೆ ನಾಟಿತು.

"ದಾದಿ, ಬಂದ್ಲು" ಎಂದಳು ಅರೀಬಾ ಅಜ್ಜಿಗೆ. ಬಹಳ ಮೆಲ್ಲಗೆ. ಕಣ್ಣು ಬಿಗಿಯಾಗಿ ಮುಚ್ಚಿದ್ದಳು.

ಆಮೇಲೆ ಮೈಲುತುತ್ತದ ವಾಸನೆ ಬಂತು. ಅರೀಬಾ ಮೂಗರಳಿಸಿದಳು.

"ಇದು ಅಮ್ಮಿ ವಾಸನೆ ಅಲ್ಲ."

"ಅಲ್ಲ ಬೇಟಾ" ಎಂದಿತು ಬೆನ್ನು. "ನಾನು ಬೈಂಡಿಂಗ್ ಪಾಷಾ. ಮಂಡಿ ಬಗ್ಗಲ್ಲ, ಅದಕ್ಕೆ ಹಿಂಗ್ ಬರ್ತೀನಿ." ಟೋಪಿ ಸರಿಮಾಡಿಕೊಂಡು ನಿಧಾನವಾಗಿ ನಮ್ಮ ಕಡೆ ತಿರುಗಿದರು. ಮಡಿಲಲ್ಲಿ ನೀಲಿ ಪುಸ್ತಕವಿತ್ತು.

"ನೀವೇ ಕಟ್ಟಿದ್ದಾ?"

"ನಾನೇ."

"ಬರೋ ಕಥೆ ಅಲ್ವಾ?"

"ಅಲ್ಲ. ಹೋಗೋ ಕಥೆ. ನಾನು ಉಲ್ಟಾ ಹೊಲಿದ್ಬಿಟ್ಟೆ. ನಮ್ಮ ಉರ್ದು ಪುಸ್ತಕ ಹಂಗೇ ಇರತ್ತಲ್ಲ, ಕೈ ಅಭ್ಯಾಸದಲ್ಲಿ ತಪ್ಪೋಯ್ತು. ಈಗ ಸರಿ ಮಾಡಿದೀನಿ, ನೋಡು."

"ಬೆಕ್ಕು?"

"ಹಸಿವಾಯ್ತು, ಬಂತು."

"ಭಾಯ್?"

"ರಜಾ."

"ಅಬ್ಬಾ?"

"ಅಬ್ಬಾ ಮನೆ ಇದು. ಎಲ್ಲಿಗ್ ಹೋಗ್ತಾನೆ?"

ಮುಂದಿನ ಪ್ರಶ್ನೆಯನ್ನು ಅರೀಬಾ ಬಾಯಿಬಿಟ್ಟು ಕೇಳಲಿಲ್ಲ. ಪಾಷಾ ತಾವೇ ಹೇಳಿದರು.

"ಅಮ್ಮಿ ತೀರ್ಕೊಂಡ್ಲು ಬೇಟಾ. ಬರಲ್ಲ. ನೀನು ನೋಡಿದ್ರೂ ಬರಲ್ಲ, ನೋಡ್ದಿದ್ರೂ ಬರಲ್ಲ. ನಿನ್ ಕಣ್ಣಲ್ಲಿ ಏನೂ ತಪ್ಪಿಲ್ಲ. ತಪ್ಪು ನಂದು."

ಅರೀಬಾ ಕಣ್ಣು ಬಿಟ್ಟು ತಿರುಗಿದಳು. ಬಾಗಿಲನ್ನು ನೋಡಿದಳು. ಬಾಗಿಲಲ್ಲಿ ಎದುರು ಮನೆಯ ಗೋಡೆ, ಮುದುಕರೊಬ್ಬರ ಬೂಟು, ಒಂದು ಜೊತೆ ಚಪ್ಪಲಿ. ಅತ್ತಳು. ಆಸಿಮ್ ಎದ್ದುಬಂದು ಅವಳನ್ನು ಎತ್ತಿಕೊಂಡ. ಸೈಫ್ ದೀಪ ಹಾಕಿದ.

ನಾನು ಪುಸ್ತಕ ತೆಗೆದುಕೊಂಡು ಪಾಷಾ ಅವರ ಜೊತೆ ಹೊರಬಂದೆ. ಆಟೋ ಸಿಗುವ ಕಡೆಗೆ ನಡೆದೆವು. ಅವರ ನಡಿಗೆ ನಿಧಾನ. ಬೀದಿದೀಪದ ಕೆಳಗೆ ನಾನು ನಿಂತೆ.

"ನೀವು ಹೇಳಿದ್ದು ಸುಳ್ಳು. ಅದು ಕೈ ತಪ್ಪಲ್ಲ. ಆ ಹುಡುಗಿ ದೊಡ್ಡವಳಾಗಿ ಅಂಕಿ ನೋಡಿದರೆ ಅವಳಿಗೂ ಗೊತ್ತಾಗುತ್ತೆ."

ಪಾಷಾ ಕೈ ಚಾಚಿದರು. "ಕೊಡಿ ಇಲ್ಲಿ" ಎಂದರು.

ಪಕ್ಕದ ಕಾಂಪೌಂಡಿನ ಮೋಟುಗೋಡೆಯ ಮೇಲೆ ಪುಸ್ತಕವನ್ನು ಎಡಗಡೆಯಿಂದ ತೆರೆದರು. ಊಟದ ಚಿತ್ರ, ಕೆಳಗೆ ಇಪ್ಪತ್ತನಾಲ್ಕು. ಜೇಬಿನಿಂದ ರಬ್ಬರ್ ತೆಗೆದು ಉಜ್ಜಿದರು. ಹಾಳೆ ಮಗುಚಿದರು. ತಾಯಿಯ ಬೆನ್ನು, ಇಪ್ಪತ್ತಮೂರು, ಉಜ್ಜಿದರು. ಆತುರಪಡಲಿಲ್ಲ. ಕಾಗದ ಸವೆಯದಂತೆ ಎಡಗೈಯ ನೀಲಿ ಬೆರಳಿನಿಂದ ಪುಟವನ್ನು ಒತ್ತಿಹಿಡಿದು, ಒಂದೊಂದನ್ನೇ ಅಳಿಸುತ್ತ ಒಂಟಿ ಹುಡುಗಿಯವರೆಗೂ ಹೋದರು. ರಬ್ಬರಿನ ಹುಡಿಯನ್ನು ಊದಿದರು. ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು.